ಗೇಟಮ್ಮನ ಮಣ್ಣು

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೆಗಲು ಕೊಟ್ಟವರಲ್ಲಿ ಮುಂದಿನ ಇಬ್ಬರು ಹೊರಗೆ, ಹಿಂದಿನ ಇಬ್ಬರು ಒಳಗೆ, ನಡುವೆ ಗೇಟಮ್ಮ. ಓರೆ ಮಾಡಿ ನೋಡಿದರು, ಹಿಂದಕ್ಕೆಳೆದು ನೋಡಿದರು. ಕೊನೆಗೆ ಮತ್ತೆ ಮೇಜಿನ ಮೇಲೆ ಇಳಿಸಿದರು. ಬಡಗಿ ಬಾಗಿಲಿನ ಬಿಜಾಗರಿ ಬಿಚ್ಚಲು ಕುಕ್ಕರಗಾಲಲ್ಲಿ ಕೂತ.

"ಹೆಣದ ಅಳತೆ ತಗೊಂಡೆ. ಇಲಾಖೆಯವರು ಕಟ್ಟಿದ ಬಾಗಿಲಿನ ಅಳತೇನೂ ತಗೋಬೇಕು ಅಂತ ನಂಗೇನು ಕನಸು ಬಿದ್ದಿತ್ತಾ?" ಎಂದು, ಯಾರೂ ಕೇಳದಿದ್ದರೂ, ಗೊಣಗಿದ.

ಹಿಂದಿನಿಂದ ಯಾರೋ ಮೆಲ್ಲಗೆ ಅಂದರು: "ಇಷ್ಟು ವರ್ಷ ಗೇಟಲ್ಲಿ ನಿಂತು ಇವಳು ಒಬ್ಬರನ್ನೂ ಒಳಗೆ ಬಿಡಲಿಲ್ಲ. ಈಗ ಇವಳನ್ನೇ ಹೊರಗೆ ಬಿಡ್ತಿಲ್ಲ."

ನಾಲ್ಕೈದು ಜನ ತಲೆ ತಗ್ಗಿಸಿ ನಕ್ಕರು. ಗೇಟಮ್ಮನ ಮಗಳ ತುಟಿಯೂ ಅಲುಗಿತು. ಅಮ್ಮ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

ಇಪ್ಪತ್ತಾರು ವರ್ಷಗಳ ಹಿಂದೆ ಈ ಬೀದಿಯವರೆಲ್ಲ ಮೇಲಿನ ಕಾಡಿನವರು. ಕೆಳಗಿನ ಪಟ್ಟಣ ಬೆಳೆಯಿತು, ಅದಕ್ಕೆ ನೀರು ಬೇಕಾಯಿತು. ಕಾಡಿನ ಹಳ್ಳಗಳಿಗೆಲ್ಲ ಒಂದೇ ಅಣೆಕಟ್ಟು ಕಟ್ಟಿ, ಸುತ್ತ ಬೇಲಿ ಹಾಕಿ, 'ಜಲಾನಯನ ಸಂರಕ್ಷಿತ ಪ್ರದೇಶ' ಎಂದು ಹಲಗೆ ನೆಟ್ಟರು. ನೀರು ಚೊಕ್ಕಟವಾಗಿರಬೇಕಾದರೆ ಅದು ಹರಿದು ಬರುವ ನೆಲ ಚೊಕ್ಕಟವಾಗಿರಬೇಕು: ಮೇಯಿಸಬಾರದು, ಉಳಬಾರದು, ಒಗೆಯಬಾರದು, ಹೂಳಬಾರದು. ಮಾತು ನಿಜವೇ ಆಗಿತ್ತು. ಆ ನಿಜಕ್ಕಾಗಿ ಊರು ಬಿಟ್ಟುಕೊಟ್ಟವರು ಮಾತ್ರ ಈ ನಲವತ್ತು ಮನೆಯವರು. ಅವರನ್ನು ತಂದು ಅಣೆಕಟ್ಟಿನ ಕೆಳಗಿನ ತಗ್ಗಿನಲ್ಲಿ ಸಾಲಾಗಿ ಕೂರಿಸಿದರು. ಮನೆಗೊಂದು ನೌಕರಿ ಎಂದಿದ್ದವರು ಕೊಟ್ಟದ್ದು ಒಂದೇ ಒಂದು ನೌಕರಿ. ಹಿಂದಿನ ವರ್ಷವಷ್ಟೇ ಗಂಡನನ್ನು ಮೇಲಿನ ಮಸಣದಲ್ಲಿ ಹೂತು ಬಂದಿದ್ದ ಹೆಂಗಸಿಗೆ ಬೇಲಿಯ ಕೀಲಿಕೈ ಸಿಕ್ಕಿತು. ಅಂದಿನಿಂದ ಅವಳು ಗೇಟಮ್ಮ.

ಈಗ ಕಾಮಾಲೆಯಿಂದ ಸತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಈ ಬೀದಿಯಲ್ಲಿ ಅವಳದು ಮೂರನೆಯ ಸಾವು.

ಬಾಗಿಲು ಕಳಚುವ ಹೊತ್ತಿಗೆ ಎದುರಿನ ಮೋಟುಗೋಡೆಯ ಮೇಲೆ ಮೇಲ್ಮನೆ ಅಜ್ಜಿ ಬಂದು ಕೂತಿದ್ದಳು. ಹಳೆಯ ಊರಿನಲ್ಲಿ ಎಲ್ಲಕ್ಕಿಂತ ಎತ್ತರದ ಮನೆ ಅವಳದು. ಮನೆ ಹೋದರೂ ಹೆಸರು ಉಳಿದಿತ್ತು. ಗೇಟಮ್ಮನ ಜೊತೆ ಅವಳು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅಜ್ಜಿ ಶಾಪ ಹಾಕಲು ಬಂದಿದ್ದಾಳೋ ಅಳಲು ಬಂದಿದ್ದಾಳೋ ತಿಳಿಯದೆ ಜನ ಅವಳ ಸುತ್ತ ಒಂದು ಮಾರು ಜಾಗ ಬಿಟ್ಟು ನಿಂತರು.

ಆಗಲೇ ಇಲಾಖೆಯ ಜೀಪು ಬಂದದ್ದು. ಇಂಜಿನಿಯರು ಪೆಟ್ಟಿಗೆಯ ಮುಂದೆ ಒಂದು ನಿಮಿಷ ತಲೆ ಬಾಗಿಸಿ ನಿಂತು, ಮಗಳ ಕೈಗೆ ಮೊಹರು ಒತ್ತಿದ ಕಾಗದ ಕೊಟ್ಟರು. ಮೃತರ ಸುದೀರ್ಘ ಸೇವೆಯನ್ನು ಪರಿಗಣಿಸಿ, ಅವರ ದೇಹವನ್ನು ಸಂರಕ್ಷಿತ ಪ್ರದೇಶದೊಳಗೆ ಪತಿಯ ಸಮಾಧಿಯ ಪಕ್ಕದಲ್ಲಿ ಹೂಳಲು ವಿಶೇಷ ಅನುಮತಿ.

ಮಗಳ ಸೋದರಮಾವ ಬಾಯಿಗೆ ಟವೆಲು ಒತ್ತಿಕೊಂಡು ಅತ್ತುಬಿಟ್ಟ. ಮಗಳು ಕಾಗದವನ್ನು ಇನ್ನೊಮ್ಮೆ ಓದಿದಳು. ಕಡೆಯ ವಾರ ಜ್ವರದಲ್ಲಿ ಅಮ್ಮ ಒಂದೇ ಮಾತನ್ನು ಮತ್ತೆ ಮತ್ತೆ ಆಡಿದ್ದಳು: "ನಿಮ್ಮಪ್ಪನ ಪಕ್ಕ ಜಾಗ ಇದೆ." ಬೇಕು ಎಂದಿರಲಿಲ್ಲ. ಇದೆ ಎಂದಿದ್ದಳು, ಅಷ್ಟೇ.

*

ಒಂಬತ್ತು ವರ್ಷಗಳ ಹಿಂದೆ, ಮಟಮಟ ಮಧ್ಯಾಹ್ನ, ಮೇಲ್ಮನೆ ಅಜ್ಜನ ಹೆಣ ಗೇಟಿನ ಮುಂದೆ ಬಂದು ನಿಂತಿತ್ತು. ಹೆತ್ತವರನ್ನೂ ಒಬ್ಬ ಮಗನನ್ನೂ ಹೂತ ನೆಲದಲ್ಲೇ ತನ್ನನ್ನೂ ಇಡಬೇಕೆಂದು ಮುದುಕ ಹೇಳಿ ಸತ್ತಿದ್ದ. ಹೊತ್ತು ತಂದವರು ಇಡೀ ಬೀದಿಯವರು. ಒಳಗಿನಿಂದ ಕೀಲಿಕೈ ಹಿಡಿದು ನಿಂತವಳು ಅದೇ ಬೀದಿಯವಳು.

ಮೊದಲು ಬೇಡಿದರು. ಆಮೇಲೆ ಬೈದರು. ಬೂಟು ಹಾಕಿಕೊಂಡ ಮೇಲೆ ಕಾಲಿಗೆ ನೆಲ ಮರೆತುಹೋಯಿತೇ ಎಂದು ಸ್ವಂತ ತಮ್ಮನೇ ಕೇಳಿದ. ಅವಳು ಅಲುಗಲಿಲ್ಲ. ಹೆಣವನ್ನು ದಾರಿಯ ಮೇಲಿಟ್ಟು ಎರಡು ತಾಸು ಕೂತರು. ಕೊನೆಗೆ ಅಜ್ಜಿಯೊಬ್ಬಳೇ ಎದ್ದು ಗೇಟಿನ ಕಂಬಿಗೆ ಮುಖ ಒತ್ತಿದಳು.

"ನಿನ್ನ ಹೆರಿಗೆ ಮಾಡಿಸಿದ್ದು ಈ ಕೈ ಕಣೇ."

"ಗೊತ್ತು ದೊಡ್ಡಮ್ಮ."

"ಮತ್ತೆ ತೆಗಿ."

"ಆಗಲ್ಲ. ಕೆಳಗೆ ಲಕ್ಷ ಜನ ಇದನ್ನೇ ಕುಡಿಯೋದು. ನೀರಿಗೋಸ್ಕರ, ದೊಡ್ಡಮ್ಮ. ನನಗೋಸ್ಕರ ಅಲ್ಲ."

ಹೆಣ ತಗ್ಗಿನ ಮಸಣಕ್ಕೆ ತಿರುಗಿತು. ಆ ದಿನ ಮನೆಗೆ ಬಂದ ಅಮ್ಮ ಬೂಟು ಬಿಚ್ಚದೆ ಮೂಲೆಯಲ್ಲಿ ಕೂತದ್ದನ್ನು ಮಗಳು ನೋಡಿದ್ದಳು. ಮಣ್ಣು ಮುಗಿಸಿ ಬಂದವರಲ್ಲಿ ಒಬ್ಬರೂ ಅವರ ಮನೆಯ ಮುಂದೆ ನಿಲ್ಲಲಿಲ್ಲ. ಅಲ್ಲೇನಾಯಿತೆಂದು ತಾಯಿಗಾಗಲಿ ಮಗಳಿಗಾಗಲಿ ಯಾರೂ ಹೇಳಲಿಲ್ಲ.

*

ಎರಡನೆಯ ಕಾಗದವನ್ನು ಇಂಜಿನಿಯರು ಮಗಳನ್ನು ಪಕ್ಕಕ್ಕೆ ಕರೆದು ಕೊಟ್ಟರು. ಪಕ್ಕದ ಮನೆಯವಳು ತಂದ ನೀರಿನ ಲೋಟ ಅವರ ಕೈಯಲ್ಲಿತ್ತು. ಈಗಷ್ಟೇ ಕುಡಿದೆ ಎಂದು ಅದನ್ನು ಕಿಟಕಿಯ ಮೇಲೆ ಇಟ್ಟರು.

ತಾಯಿಯ ಹೆಸರಿನಲ್ಲಿ ಒಂದು ದೂರು ಉಳಿದುಹೋಗಿದೆ, ಮಗಳು ರುಜು ಹಾಕಿದರೆ ಕಡತ ಮುಗಿಯುತ್ತದೆ ಎಂದರು. ಕಾಗದದಲ್ಲಿ ಟೈಪು ಮಾಡಿತ್ತು: ದೂರುದಾರರು ವಯಸ್ಸು ಮತ್ತು ಅನಾರೋಗ್ಯದ ಕಾರಣ ತಪ್ಪು ತಿಳಿವಳಿಕೆಯಿಂದ ದೂರು ಸಲ್ಲಿಸಿದ್ದು, ವಾರಸುದಾರರು ಅದನ್ನು ಹಿಂತೆಗೆದುಕೊಂಡಿರುತ್ತಾರೆ.

"ರುಜು ಹಾಕದಿದ್ದರೆ?"

"ಅನುಮತಿಗೂ ಇದಕ್ಕೂ ಸಂಬಂಧ ಇಲ್ಲಮ್ಮ." ಅವರು ಜೀಪಿನ ಕಡೆ ನೋಡಿದರು. "ಆದರೆ ಎರಡೂ ಒಟ್ಟಿಗೇ ವಾಪಸ್ ಬರಬೇಕು ಅಂತ ಮೇಲಿನವರು ಹೇಳಿದಾರೆ. ನಾನೂ ಹೊಟ್ಟೆಪಾಡಿನವನೇ."

ಮಾವ ಪಿಸುದನಿಯಲ್ಲಿ ಒತ್ತಾಯಿಸಿದ. ಸತ್ತವಳಿಗೆ ದೂರು ಯಾತಕ್ಕೆ? ಅವಳಿಗೆ ಬೇಕಾದದ್ದು ಆರಡಿ ಜಾಗ, ಅದು ತಾನಾಗಿ ಮನೆಬಾಗಿಲಿಗೆ ಬಂದಿದೆ. ಮಗಳೇನು ಕಾಯಂ ನೌಕರಳೇ? ಇಲಾಖೆಯ ಫಿಲ್ಟರ್ ಹೌಸಿನಲ್ಲಿ ದಿನಗೂಲಿ. ನಾಳೆ ಈ ಮನೆಯನ್ನೂ ಬಿಡಿಸುತ್ತಾರೆ.

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮಗಳು ಪೆನ್ನು ಕೈಗೆ ತೆಗೆದುಕೊಂಡಳು.

*

ದೂರು ಬರೆದವಳು ಅವಳೇ. ಅಮ್ಮನಿಗೆ ಹೆಸರು ಬರೆಯುವುದರಾಚೆ ಅಕ್ಷರ ಬರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಬೇಲಿಯೊಳಗೆ, ಗುಡ್ಡದ ನೆತ್ತಿಯಲ್ಲಿ, ರೆಸಾರ್ಟು ಎದ್ದಿತು. ಹೆಣ ಹೋಗಬಾರದ ದಾರಿಯಲ್ಲಿ ಸಿಮೆಂಟು ಲಾರಿಗಳು ಹೋದವು. ಗೇಟು ತೆಗೆಯಬೇಕೆಂದು ಲಿಖಿತ ಆದೇಶವೇ ಬಂದಿತ್ತು, ಗೇಟಮ್ಮ ತೆಗೆದಳು. ಹದಿನೆಂಟು ಕೋಣೆ, ಹದಿನೆಂಟು ಪಾಯಖಾನೆ. ಎಲ್ಲ ಗುಂಡಿಗೆ ಹೋಗುತ್ತದೆ, ಹಳ್ಳಕ್ಕೆ ಒಂದು ಹನಿಯೂ ಇಳಿಯುವುದಿಲ್ಲ ಎಂದು ಮ್ಯಾನೇಜರು ನಕ್ಷೆ ತೋರಿಸಿದ. ಆದರೆ ಅದೇ ವರ್ಷ ಫಿಲ್ಟರ್ ಹೌಸಿನಲ್ಲಿ ಮಗಳು ನೀರಿಗೆ ಸುರಿಯುವ ಬ್ಲೀಚಿಂಗ್ ಪುಡಿ ಒಂದಕ್ಕೆ ಎರಡಾಗಿತ್ತು. ಪಟ್ಟಣಕ್ಕೆ ಹೋಗುವ ನೀರಿಗೆ ಅದಾದರೂ ಬೀಳುತ್ತಿತ್ತು. ತಗ್ಗಿನವರ ನಲ್ಲಿಗೆ ಬರುತ್ತಿದ್ದದ್ದು ಅಣೆಕಟ್ಟಿನ ಹಸಿ ನೀರು.

ಒಂದು ಭಾನುವಾರ ಅಮ್ಮ ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಸೀಸೆ ಕೊಂಡು ಬಂದಳು. ಎಷ್ಟು ಬಿಳಿ ಬಟ್ಟೆ ಇದೆ ನಮ್ಮ ಮನೆಯಲ್ಲಿ ಎಂದು ಮಗಳು ಕೇಳಿದಳು. ಅಮ್ಮ ಅವಳನ್ನು ಗುಡ್ಡದ ಕೆಳಗಿನ ಹಳ್ಳದಲ್ಲಿ ಕಲ್ಲಿನ ಮೇಲೆ ಕೂರಿಸಿ, ಗಡಿಯಾರ ನೋಡುತ್ತಿರು ಎಂದು ಹೇಳಿ ಮೇಲೆ ಹೋದಳು. ಗಸ್ತಿಗೆ ಬಂದಿದ್ದೇನೆ, ಹೊಟ್ಟೆ ಕೆಟ್ಟಿದೆ ಎಂದು ರೆಸಾರ್ಟಿನ ಪಾಯಖಾನೆಗೆ ಹೋಗಿ ನಾಲ್ಕೂ ಸೀಸೆ ಸುರಿದು ನೀರು ಬಿಟ್ಟಳು.

ಇಪ್ಪತ್ತೇಳು ನಿಮಿಷಕ್ಕೆ ಪೊದೆಯ ಬೇರಿನಡಿಯಿಂದ ತೆಳ್ಳಗೆ, ಎಳೆ ಎಳೆಯಾಗಿ ನೀಲಿ ಬಂತು. ಮಗಳು ಕಾಲನ್ನು ನೀರಿನಿಂದ ಮೇಲೆಳೆದುಕೊಂಡಳು.

ಅಮ್ಮ ಇಳಿದು ಬಂದು ಬಹಳ ಹೊತ್ತು ಅದನ್ನೇ ನೋಡಿದಳು. ಗೆದ್ದ ಮುಖವಾಗಿರಲಿಲ್ಲ ಅದು. "ಆ ಮುದುಕನ್ನ ಎರಡು ತಾಸು ಬಿಸಿಲಲ್ಲಿ ಮಲಗಿಸಿದೆ ನಾನು" ಎಂದಳು. ಆಮೇಲೆ, "ಬರಿ" ಎಂದಳು.

ದೂರು ಕೊಟ್ಟ ಹದಿನೈದನೆಯ ದಿನಕ್ಕೆ ಗೇಟಿನ ಕೀಲಿಕೈ ಕಿತ್ತುಕೊಂಡು ಅವಳನ್ನು ಉಗ್ರಾಣದ ಕಸ ಗುಡಿಸಲು ಹಾಕಿದರು.

*

ಪೆನ್ನು ಹಿಡಿದ ಮಗಳು ಮೋಟುಗೋಡೆಯ ಕಡೆ ನೋಡಿದಳು. ಕಾಗದದಲ್ಲಿ ಏನಿದೆ ಎಂದು ಮೇಲ್ಮನೆ ಅಜ್ಜಿ ಕೇಳಿದಳು. ಮಗಳು ಎರಡನ್ನೂ ಗಟ್ಟಿಯಾಗಿ, ಇಡೀ ಬೀದಿಗೆ ಕೇಳುವಂತೆ ಓದಿದಳು. ಇಂಜಿನಿಯರು ತಡೆಯಲು ಕೈಯೆತ್ತಿ, ಹಾಗೇ ಕೂದಲು ಸರಿಮಾಡಿಕೊಂಡರು.

ಅಜ್ಜಿ ಎದ್ದು ಪೆಟ್ಟಿಗೆಯ ಹತ್ತಿರ ಬಂದಳು.

"ಒಂಬತ್ತು ವರ್ಷ ಆಯ್ತು, ಇವಳು 'ನೀರಿಗೋಸ್ಕರ' ಅಂದು. ಆ ಮಾತು ನಂಗೆ ಇವತ್ತಿಗೂ ಗಂಟಲಲ್ಲೇ ಇದೆ, ಇಳಿದಿಲ್ಲ. ಈಗ ನೀನು ರುಜು ಹಾಕಿದರೆ ಅದೂ ಸುಳ್ಳಾಗುತ್ತೆ. ಆಮೇಲೆ ನನ್ನ ಗಂಡ ಯಾತಕ್ಕೆ ಆ ಕೆಸರಲ್ಲಿ ಮಲಗಿದಾನೆ ಅಂತ ನಂಗೆ ಯಾರು ಹೇಳ್ತೀರಿ? ಈ ಸಾಹೇಬರು ಹೇಳ್ತಾರಾ?"

ಮಗಳು ಪೆಟ್ಟಿಗೆಯ ಮುಚ್ಚಳ ಸರಿಸಿ ಅಮ್ಮನ ಹಳದಿಗಟ್ಟಿದ ಮುಖವನ್ನು ನೋಡಿದಳು. ಅಪ್ಪನ ಪಕ್ಕದಲ್ಲಿ ಜಾಗ ಇತ್ತು. ಈಗಲೂ ಇತ್ತು. ಅವಳು ಎರಡು ಕಾಗದಗಳನ್ನೂ ಮಡಿಸಿ ಇಂಜಿನಿಯರ ಕೈಗೆ ವಾಪಸು ಕೊಟ್ಟಳು.

ಸೋಮವಾರ ಕೆಲಸಕ್ಕೆ ಹೋಗುವ ಮೊದಲು ಆಫೀಸಿಗೆ ಬಂದು ಹೋಗು ಎಂದು ಅವರು ಹೇಳಿದರು. ಅದರ ಅರ್ಥ ಬಡಗಿಗೂ ಆಯಿತು.

ತಗ್ಗಿನ ಮಸಣ ಬೀದಿಯ ಕೊನೆಯಲ್ಲಿ, ಅಣೆಕಟ್ಟಿನ ಬುಡಕ್ಕೆ ಅಂಟಿಕೊಂಡಿತ್ತು. ಹೆಣ ಪಟ್ಟಣದ ನೀರಿಗೆ ತಾಗಬಾರದು ಎಂದು ಲೆಕ್ಕ ಹಾಕಿದವರು ಇಲ್ಲಿಯ ಕೈಪಂಪಿಗೆ ಮಸಣ ಎಷ್ಟು ಗಜ ಎಂದು ಅಳೆದಿರಲಿಲ್ಲ. ಮೂರಡಿ ಅಗೆಯುವಷ್ಟರಲ್ಲಿ ಗುಂಡಿಯ ನಾಲ್ಕೂ ಬದಿಯಿಂದ ನೀರು ಒಸರಿತು. ಬಕೆಟಿನಲ್ಲಿ ಮೊಗೆದು ಹಾಕಿದರು, ಮೊಗೆದಷ್ಟೂ ಬಂತು. ಹೊತ್ತು ಇಳಿಯುತ್ತಿದೆ ಎಂದು ಮಾವ ಅವಸರಪಡಿಸಿದ. ಹಗ್ಗ ಕಟ್ಟಿ ಪೆಟ್ಟಿಗೆ ಇಳಿಸಿದರು.

ಪೆಟ್ಟಿಗೆ ತಳ ಮುಟ್ಟಲಿಲ್ಲ. ಒಮ್ಮೆ ಆ ಬದಿಗೆ, ಒಮ್ಮೆ ಈ ಬದಿಗೆ ವಾಲಿ, ಗುಂಡಿಯ ಗೋಡೆಗೆ ಮೆಲ್ಲಗೆ ಡಿಕ್ಕಿ ಹೊಡೆಯುತ್ತಾ ತೇಲತೊಡಗಿತು. ಹಾರೆಯಿಂದ ಒತ್ತಿ ಹಿಡಿದರು. ಕೈ ಸಡಿಲಿಸಿದೊಡನೆ ಮೇಲೆ ಬಂತು. ಬಡಗಿ ಮುಖ ಆಚೆ ತಿರುಗಿಸಿದ.

"ನಮ್ಮೆಜಮಾನರೂ ಹೀಗೇ ತೇಲಿದ್ದು" ಎಂದಳು ಅಜ್ಜಿ.

ಮಗಳು ಅವಳ ಕಡೆ ತಿರುಗಿದಳು. ಒಂಬತ್ತು ವರ್ಷ ಯಾರೂ ಅಮ್ಮನಿಗೂ ತನಗೂ ಹೇಳದೆ ಉಳಿಸಿದ್ದ ಮಾತು ಅದು.

ಅಜ್ಜಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಇಬ್ಬರ ಕೈ ಹಿಡಿದು ಗುಂಡಿಗೆ ಇಳಿದಳು. ಪೆಟ್ಟಿಗೆಯ ತಲೆಯ ಕಡೆ ಮುಚ್ಚಳದ ಮೇಲೆ, ಮನೆಯ ಜಗಲಿಯಲ್ಲಿ ಕೂರುವ ಹಾಗೆ, ಕೂತಳು. ಆ ತುದಿ ತಗ್ಗಿತು, ಕಾಲಿನ ತುದಿ ಮೇಲೆದ್ದಿತು. ಮಗಳು ಚಪ್ಪಲಿ ಬಿಟ್ಟು ಇಳಿದು ಆ ತುದಿಯ ಮೇಲೆ ಕೂತಳು. ಪೆಟ್ಟಿಗೆ ನಿಧಾನವಾಗಿ, ಮಟ್ಟಸವಾಗಿ ಮುಳುಗಿತು. ನೀರು ಅವರ ಸೊಂಟಕ್ಕೆ ಬಂತು.

ಮೇಲೆ ನಿಂತವರ ಕೈಯಲ್ಲಿ ಗುದ್ದಲಿಗಳು ಹಾಗೇ ಇದ್ದವು.

"ಮಣ್ಣು ಹಾಕ್ರೋ" ಎಂದಳು ಅಜ್ಜಿ. "ನಮ್ಮನ್ನ ನೋಡಬೇಡಿ, ಹಾಕಿ."

ಮೊದಲ ಹೆಂಟೆ ಅವರಿಬ್ಬರ ನಡುವೆ ಬಿದ್ದು ನೀರು ಮುಖಕ್ಕೆ ಹಾರಿತು. ಒರೆಸಿಕೊಳ್ಳಲು ಇಬ್ಬರೂ ಕೈ ಎತ್ತಲಿಲ್ಲ. ಅಂಗೈಗಳನ್ನು ಮುಚ್ಚಳಕ್ಕೆ ಊರಿಕೊಂಡು, ಇದ್ದ ಭಾರವನ್ನೆಲ್ಲ ಕೆಳಕ್ಕೆ ಬಿಟ್ಟು ಕೂತಿದ್ದರು.