ಕೈ ತೆಗೆದ ಹೊತ್ತು

ಬಂದವರೇ, ತೀರಿಕೊಂಡ ಹೆಡ್ ನರ್ಸನ್ನು ಅವರ ಮನೆಯಲ್ಲಿ ಮಲಗಿಸಿದ್ದ ಮಂಚದ ಸುತ್ತ ಇದ್ದ ಕುರ್ಚಿಗಳನ್ನು ಸರಿಸಿಬಿಟ್ಟರು. ತುರ್ತು ವಾರ್ಡಿನ ಐದು ಮಂದಿ, ಪಾಳಿ ಮುಗಿಸಿ ನೇರ ಬಂದವರು. ಒಬ್ಬರು ತಲೆಯ ಕಡೆ, ಒಬ್ಬರು ತೋಳಿನ ಕಡೆ, ಅಭ್ಯಾಸಬಲದಿಂದ ತಮ್ಮ ತಮ್ಮ ಜಾಗ ಹಿಡಿದು ನಿಂತರು. ಮಾಡುವುದಕ್ಕೆ ಏನೂ ಇಲ್ಲವೆಂದು ಆಮೇಲೆ ಹೊಳೆದು ಕೈಕಟ್ಟಿಕೊಂಡರು.

"ದೊಡ್ಡ ಸಿಸ್ಟರ್ ಈಗ ಎದ್ರೆ, ಎಲ್ರೂ ಇಲ್ಲ್ಯಾಕ್ರೀ ಸಾಯ್ತಿದೀರಿ, ವಾರ್ಡಲ್ಲಿ ಯಾರಿದಾರೆ ಅಂತಾರೆ," ಎಂದ ಆಂಬುಲೆನ್ಸ್ ಚಾಲಕ.

ಯಾರೋ ನಕ್ಕರು. ನಕ್ಕು ಮುಗಿಸುವಷ್ಟು ತ್ರಾಣ ಯಾರಲ್ಲೂ ಇರಲಿಲ್ಲ.

ದೊಡ್ಡ ಸಿಸ್ಟರೇ ಗುಬ್ಬಿ ಎಂದು ಹೆಸರಿಟ್ಟಿದ್ದ ನರ್ಸು ನೀರು ಕುಡಿಯಲು ಒಳಕೋಣೆಗೆ ಹೋದಳು. ತೀರಿಹೋದವರ ಗಂಡ, ಟೈಲರ್, ಹೊಲಿಗೆ ಯಂತ್ರದ ಮುಂದೆ ಕೂತಿದ್ದರು.

"ಬಾಗಿಲು ಹಾಕಮ್ಮ. ಒಂದು ಮಾತು ಕೇಳ್ತೀನಿ. ನಿನ್ನೆ ಅವಳು ಬಿದ್ದಾಗ, ಟೀವೀಲಿ ನೋಡಿದ ಹಾಗೆ ಎದೆ ಒತ್ತಿದೆ. ಟಕ್ ಅಂತು. ಎಲುಬು ಮುರಿದೆ ಅಂತ ಹೆದರಿ ಕೈ ತೆಗೆದುಬಿಟ್ಟೆ. ಆಂಬುಲೆನ್ಸ್ ಬರೋವರೆಗೂ ಮತ್ತೆ ಮುಟ್ಟಲಿಲ್ಲ. ತೆಗೀಬಾರದಿತ್ತಾ?"

ಗುಬ್ಬಿ ನೀರಿನ ಲೋಟ ಕೆಳಗಿಟ್ಟಳು.

*

ಹನ್ನೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ವಾರದಲ್ಲೇ, ಗುಬ್ಬಿಯ ಅಂಗೈ ಕೆಳಗೂ ಅದೇ ಸದ್ದಾಗಿತ್ತು. ಅವಳೂ ಕೈ ಎತ್ತಿದ್ದಳು.

"ಎಲುಬು ಕೂಡುತ್ತೆ ಕಣೆ, ನಿಂತ ಗುಂಡಿಗೆ ಕಾಯಲ್ಲ. ಒತ್ತು!" ದೊಡ್ಡ ಸಿಸ್ಟರ್ ಗದರಿದ್ದರು. ಡಾಕ್ಟರು "ಅಡ್ರಿನಲಿನ್ ಒಂದು" ಎಂದರೆ "ಅಡ್ರಿನಲಿನ್ ಒಂದು, ಕೊಟ್ಟೆ" ಎಂದು ತಿರುಗಿ ಹೇಳುತ್ತ, ಔಷಧಿ ಬೇಗ ಒಳಗಿಳಿಯಲೆಂದು ಸಲೈನ್ ಚೀಲ ಹಿಂಡುತ್ತ, ಕಣ್ಣು ಮಾತ್ರ ಗುಬ್ಬಿಯ ಮೇಲೇ ಇಟ್ಟಿದ್ದರು. ಆ ಮುದುಕ ಬದುಕಿದ. ಮನೆಗೆ ಹೋಗುವಾಗ ಎದೆ ನೋವೆಂದು ಗುಬ್ಬಿಗೆ ಹಿಡಿಶಾಪ ಹಾಕಿ ಹೋದ.

"ಬೈಲಿ ಬಿಡೆ. ಬೈಯೋಕೆ ಉಸಿರಿದೆಯಲ್ಲ," ಎಂದಿದ್ದರು ದೊಡ್ಡ ಸಿಸ್ಟರ್.

ಮೂವತ್ತು ವರ್ಷ ಊರಿಗೆಲ್ಲ ಕಲಿಸಿದ ಹೆಂಗಸು ಮನೆಯಲ್ಲಿ ಆಸ್ಪತ್ರೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ರಕ್ತ ಅಂದ್ರೆ ಸಾಕು, ನಮ್ಮನೆಯವರಿಗೆ ಊಟ ಸೇರಲ್ಲ," ಎನ್ನುತ್ತಿದ್ದರು. ದೀಪದ ಬುಡದಲ್ಲೇ ಕತ್ತಲು.

*

ಸುಳ್ಳು ಬಾಯಿಯವರೆಗೂ ಬಂದಿತ್ತು. ಆದರೆ ಟೈಲರ್ ಸಮಾಧಾನ ಕೇಳುತ್ತಿಲ್ಲ, ಉತ್ತರ ಕೇಳುತ್ತಿದ್ದಾರೆ ಎಂದು ಗುಬ್ಬಿಗೆ ಅನ್ನಿಸಿತು.

"ತೆಗೀಬಾರದಿತ್ತು ಭಾವ. ಆದ್ರೆ ಒತ್ತಿದ್ರೆ ಉಳೀತಿದ್ರು ಅಂತ ಹೇಳೋಕಾಗಲ್ಲ. ನಾವು ಒತ್ತಿದವರಲ್ಲೂ ಬಹಳ ಜನ ಉಳಿಯಲ್ಲ."

ಅವರು ಅಳಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಾಸಿಗೆಯನ್ನು ನೆಲಕ್ಕೆ ಎಳೆದು ಮಂಡಿಯೂರಿದರು.

"ಹೇಗೆ ಅಂತ ತೋರಿಸು."

"ಈಗ್ಯಾಕೆ ಭಾವ..."

"ತೋರಿಸಮ್ಮ."

ಗುಬ್ಬಿ ಎದುರಿಗೆ ಕೂತಳು. "ಕೈ ನೆಟ್ಟಗಿರಲಿ. ಜೋರಾಗಿ. ಇನ್ನೂ ಜೋರಾಗಿ. ಬಾಯಲ್ಲಿ ಮೂವತ್ತರವರೆಗೆ ಎಣಿಸಿ."

ಅವರು ಎಣಿಸುತ್ತ ಒತ್ತಿದರು. ಬಾಗಿಲು ತೆರೆದ ಚಾಲಕ "ಎತ್ತೋಣ್ವಾ, ಹೊತ್ತಾಯ್ತು" ಎಂದವನು ಅಲ್ಲೇ ನಿಂತುಬಿಟ್ಟ. ಅವನ ಹಿಂದೆ ನೆಂಟರು ಹೂ ಹಿಡಿದುಕೊಂಡು ನಿಂತರು. ಸಾಕು ಎಂದು ಯಾರೂ ಹೇಳಲಿಲ್ಲ, ಗುಬ್ಬಿಯೂ ಹೇಳಲಿಲ್ಲ.

ಮೂವತ್ತಕ್ಕೆ ಮುಟ್ಟಿದ ಟೈಲರ್ ಕೈ ತೆಗೆಯದೆ ಮತ್ತೆ ಒಂದರಿಂದ ಎಣಿಸತೊಡಗಿದರು.