ತೋಡಿನವರೆಗಿನ ಗೆರೆ

ಬಿಳಿ ಶೂ, ಈ ಕೆಸರಿಗೆ ಬಿಳಿ ಶೂ ಹಾಕಿಕೊಂಡು ಬಂದಿದ್ದಾನಲ್ಲ ಈ ಸರ್ವೆಯರ್ ಹರ್ಷಿತ್, ಕಲ್ಲಿಂದ ಕಲ್ಲಿಗೆ ಕಾಲು ಎತ್ತಿ ಎತ್ತಿ ಇಡುವುದೇನು, ರಕ್ತ ಹೀರುವ ಇಂಬಳ ಹತ್ತಿತೋ ಎಂದು ಬಗ್ಗಿ ನೋಡುವುದೇನು, ಸುಪ್ರಿತಾಳಿಗೆ ನಗು ಬರಬೇಕಿತ್ತು, ಬರಲಿಲ್ಲ — ಇನ್ನು ನೂರು ಹೆಜ್ಜೆ ಹೋದರೆ ತೋಡು, ಕಾಡೊಳಗಿನ ಸಣ್ಣ ಹಳ್ಳ, ಅಲ್ಲಿಗೆ ನಕ್ಷೆಯಲ್ಲಿ ಅವಳು ಎಳೆದ ಗೆರೆ ಮುಗಿಯುತ್ತದೆ. ಅವಳೇ ಎಳೆದದ್ದು, ಬೇರೆ ಯಾರು, ಹನ್ನೆರಡು ಮನೆಯ ಮಲೆಕುಡಿಯರಲ್ಲಿ ಕಡಬದ ಆಫೀಸಿಗೆ ಹೋಗಿ ಕುರ್ಚಿ ಎಳೆದು ಕೂತು ಮಾತಾಡುವವಳು ಇವಳೊಬ್ಬಳೇ ಎಂದು ಎಲ್ಲ ಸೇರಿ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ ಕೆಲಸವನ್ನು ಇವಳ ತಲೆಗೇ ಕಟ್ಟಿದ್ದು. ಜೇನು, ಸೀಗೆ, ರಾಮಪತ್ರೆ ತೆಗೆಯುವವರು ನಾವು, ಬೆಂಕಿ ಬಿದ್ದರೆ ಹಸಿ ಸೊಪ್ಪು ಹಿಡಿದು ಆರಿಸಲು ಓಡುವವರೂ ನಾವು, ಈ ಕಾಡಿನ ಹಕ್ಕು ಇಡೀ ಕೇರಿಯ ಹೆಸರಿಗೆ ಕೊಡಿ ಎಂದು ಅರ್ಜಿ ಬರೆದದ್ದು ಅವಳು, ನಕ್ಷೆಯ ಹಾಳೆಯನ್ನು ಜಗಲಿಯಲ್ಲಿ ಹರಡಿ, ಬಂಡೆ ಎಲ್ಲಿ, ಜೇನು ಕಟ್ಟುವ ಮರ ಎಲ್ಲಿ ಎಂದು ಒಂದೊಂದೇ ಕೇಳಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ತೋಡಿಗೆ ಬಂದಾಗ ದೇರಣ್ಣಜ್ಜ, ಅವಳ ಅಪ್ಪನ ಅಪ್ಪ, ಅಲ್ಲಿಗೆ ಸಾಕು ಮಗಾ ಅಂದಿದ್ದರು. ಆಚೆ? ಆಚೆಯದ್ದು ಬರೆಯುದಲ್ಲ. ಬರೆಯುವ ಕ್ರಮ ಇಲ್ಲ, ಹೆಸರು ಹೇಳುವ ಕ್ರಮ ಇಲ್ಲ, ಬೆರಳು ಮಾಡಿ ತೋರಿಸುವ ಕ್ರಮ ಇಲ್ಲ, ಹೆಣ್ಣುಮಕ್ಕಳು ತೋಡು ದಾಟುವ ಕ್ರಮವಂತೂ ಇಲ್ಲವೇ ಇಲ್ಲ, ಆಚೆ ಇರುವುದು ತೀರಿಹೋದವರ ಕಲ್ಲುಗಳು, ಒಬ್ಬೊಬ್ಬರಿಗೆ ಒಂದೊಂದು, ಅಪ್ಪನ ಕಲ್ಲೂ ಅಲ್ಲೇ, ಹದಿನಾಲ್ಕು ವರ್ಷವಾಯಿತು, ಅವಳು ನೋಡಿಲ್ಲ. ಪೆನ್ಸಿಲು ತೋಡಿನ ದಡದಲ್ಲಿ ನಿಂತಿತು.

ನಿಲ್ಲಿಸಬಾರದಿತ್ತು, ಛೆ, ಆಗ ಅಜ್ಜನಿಗೆ ಎದುರಾಡಲು ಬಾಯಿ ಬರಲಿಲ್ಲ, ಓದಿದವಳಂತೆ, ದೊಡ್ಡ ಕಾರ್ಯದರ್ಶಿಯಂತೆ! ಗೆರೆಯ ಹೊರಗೆ ಉಳಿದದ್ದು ನಿಮಗಿಲ್ಲ ಅಕ್ಕ, ಇವತ್ತು ಈ ಜಿಪಿಎಸ್ ಯಂತ್ರದಲ್ಲಿ ಹೊಡೆದ ಪಾಯಿಂಟೇ ಫೈನಲ್, ಆಮೇಲೆ ಸೇರಿಸ್ಲಿಕ್ಕೆ ಬರುದಿಲ್ಲ, ಎಂದು ಹರ್ಷಿತ್ ಜೀಪಿನಿಂದ ಇಳಿಯುವಾಗಲೇ ಹೇಳಿದ್ದ, ಆಚೆ ಬೇಲಿ ಹಾಕಿ ಅಕೇಶಿಯಾ ನೆಡುವ ಮಾತುಂಟು ಎಂದು ಜೊತೆಗೆ ಬಂದಿರುವ ಫಾರೆಸ್ಟ್ ಗಾರ್ಡ್ ಹೇಳಿದ್ದು ಅದಕ್ಕೂ ಮೊದಲು, ನೆಡಬೇಕಾದರೆ ಗುಂಡಿ ತೆಗೆಯಬೇಕು, ಗುಂಡಿ ತೆಗೆದರೆ ಕಲ್ಲು ಕೀಳಬೇಕು, ಯಾರಿಗೆ ಗೊತ್ತಾಗುತ್ತದೆ ಅದು ಯಾರ ಕಲ್ಲೆಂದು, ಅಜ್ಜನಿಗೆ ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ್ದಾಳೆ, ಅಜ್ಜ ಎಲೆಯಡಿಕೆ ಜಗಿಯುತ್ತಾ ಕೇಳಿ, ಹೌದಾ ಅಂದು, ದನದ ಹಟ್ಟಿಗೆ ಹೋದರು, ಅಷ್ಟೇ. ಈಗಲೂ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಾರೆ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕೈಯಲ್ಲಿ ಕತ್ತಿ, ತಿರುಗಿ ಸಹ ನೋಡುವುದಿಲ್ಲ, ಎಂತಾದರೂ ಹೇಳಬಾರದಾ, ಬೈಯಬಾರದಾ.

ಬಂತು, ತೋಡು ಬಂದೇ ಬಂತು, ಮೊಣಕಾಲಿನಷ್ಟು ನೀರು, ಹರ್ಷಿತ್ ಯಂತ್ರ ಎತ್ತಿ ಹಿಡಿದ, ಅದು ಒಮ್ಮೆ ಕೂಗಿತು, ಆಯ್ತಲ್ಲ ಅಕ್ಕ, ಇಲ್ಲಿಗೆ ಬೌಂಡರಿ ಮುಗೀತು, ಸೈನ್ ಹಾಕಿ. ಪೆನ್ನು ಕೈಯಲ್ಲಿದೆ, ಒಂದು ಸೈನು, ಸುಪ್ರಿತಾ ಎಂದು ಬರೆದರೆ ಮಧ್ಯಾಹ್ನದೊಳಗೆ ಮನೆಯಲ್ಲಿ ಊಟ, ಬರೆಯದಿದ್ದರೆ ಅಜ್ಜ ಇನ್ನು ಮಾತಾಡುವುದೇ ಇಲ್ಲವೇನೋ, ದೇವರೇ — ನಕ್ಷೆ ತಪ್ಪುಂಟು, ಎಂದು ಯಾರೋ ಹೇಳಿದರು, ಅವಳೇ ಹೇಳಿದ್ದು. ಎಂತ ತಪ್ಪು ಮಾರಾಯ್ರೆ, ನೀವೇ ಬರೆದದ್ದಲ್ವಾ, ಗಾರ್ಡನ ದನಿ. ನಾನೇ ಬರೆದದ್ದು, ತಪ್ಪೂ ನಂದೇ, ಆಚೆಯೂ ನಮ್ಮದು. ಹರ್ಷಿತ್ ಹಣೆ ಒರೆಸಿಕೊಂಡ, ಪಾಪ, ಸಿಟ್ಟು ಮಾಡಲಿಲ್ಲ, ಹಾಗಾದ್ರೆ ನಡೆದು ತೋರಿಸ್ಬೇಕಕ್ಕ, ಪ್ರತಿ ಪಾಯಿಂಟಲ್ಲಿ ಕಾರ್ಯದರ್ಶಿಯೇ ನಿಂತು ಸೈನ್ ಹಾಕ್ಬೇಕು, ಬೇರೆಯವರು ಆಗುದಿಲ್ಲ. ಕಾರ್ಯದರ್ಶಿಯೇ. ಅಯ್ಯೋ, ಅದು ಅವಳಿಗೆ ಹೊಳೆದೇ ಇರಲಿಲ್ಲ, ಗಂಡಸರು ಯಾರಾದರೂ ಹೋಗಿಬರುತ್ತಾರೆ ಎಂದುಕೊಂಡಿದ್ದಳು, ನೀರು ಇಲ್ಲೇ ಕಾಲ್ಬೆರಳ ತುದಿಯಲ್ಲಿ, ಅಮ್ಮ ದಾಟಿಲ್ಲ, ಅಜ್ಜಿ ದಾಟಿಲ್ಲ, ಅಪ್ಪನನ್ನು ಹೊತ್ತು ದಾಟಿಸಿದ ದಿನ ಅಮ್ಮ ಇದೇ ದಡದಲ್ಲಿ ಕೂತು ಮಣ್ಣು ಹಿಡಿದು ಅತ್ತದ್ದು, ಅಜ್ಜ ಕತ್ತಿಯನ್ನು ದಡದಲ್ಲಿಟ್ಟರು, ಮುಟ್ಟಾಳೆ ತೆಗೆದು ಅದರ ಮೇಲಿಟ್ಟರು, ನೀರಿಗೆ ಇಳಿದರು, ನಡುನೀರಿಗೆ ಹೋಗಿ ನಿಂತರು, ಬೆನ್ನು ಇತ್ತ, ಮುಖ ಆಚೆ, ಬಲಗೈಯನ್ನು ಹಿಂದಕ್ಕೆ ಚಾಚಿದರು, ಅವಳ ಕಡೆಗೆ, ಬಿಡಿಸಿದ ಅಂಗೈ, ಕತ್ತಿ ಹಿಡಿದು ಹಿಡಿದು ದಡ್ಡುಗಟ್ಟಿದ್ದು, ಅಕ್ಕ ಯಂತ್ರ ಆನ್ ಮಾಡ್ಲಾ ಎಂದು ಹರ್ಷಿತ್ ಕೇಳುತ್ತಿದ್ದಾನೆ, ನೀರು ಹರಿಯುತ್ತಿದೆ, ಅಜ್ಜನ ಕೈ, ಹಿಂದಕ್ಕೆ ಚಾಚಿದ ಕೈ, ಇನ್ನೂ ಹಾಗೇ ಉಂಟು, ಕೈ —