ಅಳಿಯನ ದೋಣಿ

ಶನಿವಾರ ಬೆಳಗ್ಗೆ ಏಳು ಗಂಟೆಗೆ, ಕಡಲಾಚೆಯ ಪ್ಲೆಸೆಂಟನ್ ಊರಿನಲ್ಲಿ, ಮಗಳ ಮನೆಯ ಮುಂದೆ, ಮಲ್ಲಪ್ಪ ದೋಣಿ ಹೊತ್ತ ಟ್ರೇಲರಿನ ಮೂತಿಗೆ, ಕಾರಿನ ಕೊಂಡಿಗೆ ಸಿಕ್ಕಿಸುವ ಮುಂತುದಿಗೆ, ಕೈ ಹಾಕಿ ಎತ್ತಿದ. ಎದ್ದಿತು. ಎಪ್ಪತ್ತೊಂದರ ಮುದುಕನ ಒಂದೇ ಕೈಗೆ, ತಕರಾರಿಲ್ಲದೆ ಎದ್ದಿತು. ಏಳಬಾರದಿತ್ತು.

ಗುರುವಾರ ಹೀಗಿರಲಿಲ್ಲ. ಅಂದು ಅಳಿಯ ಅಜಯ ಬಾತ್‌ರೂಮಿನ ತೂಕದ ಯಂತ್ರವನ್ನೇ ಹೊರಗೆ ತಂದು, ಅದರ ಮೇಲೊಂದು ಮರದ ತುಂಡಿಟ್ಟು, ಟ್ರೇಲರಿನ ಮೂತಿಯನ್ನು ಊರಿ ನೋಡಿದ್ದ. ನಮ್ಮ ಲೆಕ್ಕದಲ್ಲಿ ನೂರು ಕಿಲೋ. ದೋಣಿ, ಟ್ರೇಲರು ಎರಡೂ ಸೇರಿ ಸಾವಿರ ಕಿಲೋ. ಅದರ ಹತ್ತರಲ್ಲೊಂದು ಪಾಲು ಮೂತಿಯ ಮೇಲೆ ಕೂರಬೇಕು, ಕೂತಿತ್ತು. "ಪರ್ಫೆಕ್ಟ್ ನೋಡ್ರಿ ಮಾವಾರ" ಎಂದು ಅಜಯ ಫೋಟೋ ಹೊಡೆದುಕೊಂಡಿದ್ದ.

ಅಜಯ ಉಡಾಫೆಯ ಮನುಷ್ಯನಲ್ಲ, ಅದನ್ನು ಒಪ್ಪಬೇಕು. ತಿಂಗಳಿಂದ ಊಟ ನಿದ್ದೆ ಬಿಟ್ಟು ಆ ಮೂರು ಸಾಲಿನ ಎಸ್‌ಯುವಿಯನ್ನು ಸಿದ್ಧ ಮಾಡಿದ್ದ. ಹಿಂದೆ ಕೊಂಡಿ ಕೂರಿಸಿದ, ಟ್ರೇಲರಿನ ದೀಪಗಳಿಗೆ ವೈರು ಎಳೆಸಿದ, ಚೈನು ಹೇಗೆ ಹಾಕಬೇಕೆಂದು ಇಪ್ಪತ್ತು ವಿಡಿಯೋ ನೋಡಿದ. ಆದರೆ ಶುಕ್ರವಾರ ಸಂಜೆ ಗೆಳೆಯ ರಘೋತ್ತಮ ಫೋನು ಮಾಡಿ, ಶನಿವಾರದ ದೋಣಿವಿಹಾರಕ್ಕೆ ತಾನೂ ಹೆಂಡತಿ ನಿವೇದಿತಾಳೂ ಬರುತ್ತೇವೆಂದ. ಬೇಡ ಎನ್ನಲಾದೀತೇ? ಇಬ್ಬರು ಹೆಚ್ಚಾದರೆ ಅಡುಗೆ ಎಂಟು ಜನರಿಗೆ ಹೆಚ್ಚಾಗುವುದು ನಮ್ಮವರ ಪದ್ಧತಿ. ಬಿಸಿಬೇಳೆಬಾತಿನ ದೊಡ್ಡ ಪಾತ್ರೆ, ಎರಡು ಐಸ್ ಬಾಕ್ಸು, ಇದ್ದಿಲ ಚೀಲ, ಮಡಚುವ ಮೇಜು, ಸಾಲದ್ದಕ್ಕೆ ಇಪ್ಪತ್ತು ಲೀಟರಿನ ನಾಲ್ಕು ನೀರಿನ ಕ್ಯಾನು. ನೀರಿನ ಮೇಲೆ ಹೋಗುವವರಿಗೆ ಅಷ್ಟು ನೀರು ಯಾಕೆಂದು ಕೇಳುವವರಿಲ್ಲ. ಕಾರಿನಲ್ಲಿ ಜನ ತುಂಬಿದ್ದರಿಂದ ಸಾಮಾನೆಲ್ಲ ದೋಣಿಯ ಹಿಂಭಾಗಕ್ಕೆ, ಮೋಟಾರಿನ ಪಕ್ಕಕ್ಕೆ ಹೋಯಿತು. ತೂಕದ ಯಂತ್ರ ಆಗಲೇ ಬಾತ್‌ರೂಮು ಸೇರಿತ್ತು. ಮತ್ತೆ ತೂಗಬೇಕೆಂದು ಯಾರಿಗೂ ತೋಚಲಿಲ್ಲ.

ಮಲ್ಲಪ್ಪನಿಗೆ ತೂಕದ ಯಂತ್ರ ಬೇಕಿರಲಿಲ್ಲ. ಅವನು ಮುಧೋಳದಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರಿನ ಟ್ರೇಲಿ ಕಟ್ಟಿ ಮಾರಿದವನು. ಭಾರ ಎಲ್ಲಿ ಕೂರಬೇಕೆಂಬ ವಿದ್ಯೆಯೇ ಅವನಿಗೆ ಅನ್ನ ಕೊಟ್ಟಿತ್ತು. ಭಾರ ಹಿಂದೆ ಬಿದ್ದರೆ ಮೂತಿ ಹಗುರಾಗುತ್ತದೆ. ಮೂತಿ ಹಗುರಾದರೆ ವೇಗದಲ್ಲಿ ಟ್ರೇಲಿ ಬಾಲ ಬೀಸತೊಡಗುತ್ತದೆ. ಆಮೇಲೆ ಮುಂದಿನ ಗಾಡಿ ಯಾರ ಮಾತೂ ಕೇಳುವುದಿಲ್ಲ. ಜೀಪಿಗೆ ಕಟ್ಟಿದ ಒಂದು ಟ್ರೇಲಿ ಹಾಗೆ ಬಾಲ ಬೀಸಿ, ಜೀಪನ್ನೂ ಎಳೆದುಕೊಂಡು ಘಟಪ್ರಭೆಯ ಸೇತುವೆಯಿಂದ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ. ಹೆಣ ಎತ್ತಿದವರಲ್ಲಿ ಅವನೂ ಒಬ್ಬ.

ಹಾಗಿದ್ದರೆ ಬಾಯಿ ಬಿಟ್ಟು ಹೇಳಬಾರದೇ? ಅಜಯನ ಅಪ್ಪನಾಗಿದ್ದರೆ ಹೇಳುತ್ತಿದ್ದ, ಬೈದೇ ಹೇಳುತ್ತಿದ್ದ. ಹೆಣ್ಣು ಕೊಟ್ಟ ಮಾವ ಅಳಿಯನ ಮನೆಯಲ್ಲಿ ಉಂಡು, ಅವನ ಗೆಳೆಯರೆದುರೇ ಅವನ ತಪ್ಪು ಹಿಡಿಯುವುದು ಅವರ ಕಡೆ ಇಲ್ಲ. ಹೋದ ಸಲ ಬಂದಾಗ ಒಮ್ಮೆ ಹಿಡಿದಿದ್ದ. ಹತ್ತು ಜನರ ನಡುವೆ, ಕಾರಿನ ಚಕ್ರದ ನಟ್ಟು ಬಿಗಿಯಾಗಿಲ್ಲವೆಂದು ತೋರಿಸಿದ್ದ. ನಟ್ಟು ಬಿಗಿಯಾಯಿತು, ಅಜಯನ ಮುಖವೂ ಬಿಗಿಯಾಯಿತು. ಹದಿನೈದು ದಿನ ಅವನು ಹೆಂಡತಿಯ ಜೊತೆ ಮಾತು ಬಿಟ್ಟ. ಕೊನೆಗೆ ಮಗಳು ಶೀತಲ್ ಅಪ್ಪನ ಕೋಣೆಗೆ ಬಂದು ಕಣ್ಣೊರೆಸಿಕೊಳ್ಳುತ್ತ, "ಕೈ ಮುಗೀತೀನಪ್ಪಾ, ಇನ್ನ ಮ್ಯಾಲೆ ಅವರಿಗೆ ಏನೂ ಹೇಳಬ್ಯಾಡ. ನಾ ಇಲ್ಲೆ ಬಾಳೇ ಮಾಡಬೇಕು" ಎಂದಿದ್ದಳು. ಅಂದಿನಿಂದ ಮಲ್ಲಪ್ಪ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡಿದ್ದ.

ಈಗ ಮೂತಿಯನ್ನು ಮೆಲ್ಲಗೆ ಇಳಿಸಿ, ಕಾರಿನ ಬಳಿ ನಿಂತಿದ್ದ ಅಳಿಯನಿಗೆ ಅಂಜುತ್ತಲೇ ಸುತ್ತು ಬಳಸಿ ಹೇಳಿದ: "ಆ ನೀರಿನ ಕ್ಯಾನು ಒಂದೀಟು ಮುಂದ ಸರಸ್ಲೇನ್ರೀ? ಸುಮ್ನ ನಿಂತೀನಲ್ಲ, ಕೈಗೆ ಕೆಲಸ ಆಕ್ಕೈತಿ."

"ಬ್ಯಾಡ್ರೀ ಮಾವಾರ, ಸೊಂಟ ಹಿಡದೀತು. ನೀವು ಆರಾಮ ಕುಂದರ್ರಿ."

ರಘೋತ್ತಮ ಕಾಫಿ ಹೀರುತ್ತ ನಕ್ಕ. "ಅಂಕಲ್, ನೀವು ಟೆನ್ಷನ್ ತಗೋಬೇಡಿ. ಅಜಯ್ ಇದಕ್ಕೆ ಸ್ಪ್ರೆಡ್‌ಶೀಟೇ ಮಾಡಿದಾನೆ."

ಬಾಗಿಲಲ್ಲಿ ನಿಂತಿದ್ದ ಶೀತಲ್ ಅಪ್ಪನ ಕಡೆ ನೋಡಿ, ಬೇಡವೆಂಬಂತೆ ತುಸುವೇ ತಲೆ ಆಡಿಸಿದಳು. ಮಲ್ಲಪ್ಪ ಹಿಂದೆ ಸರಿದ.

ಕಾರು ಹಿಂದಕ್ಕೆ ಬಂತು, ಕೊಂಡಿ ಕೂತಿತು, ಚೈನು ಬಿತ್ತು. ಗುರುವಾರ ದೋಣಿ ಕಟ್ಟಿದಾಗ ಕಾರಿನ ಹಿಂಬದಿ ನಾಲ್ಕು ಬೆರಳು ಕುಗ್ಗಿತ್ತು. ಇವತ್ತು ಹೂ ಇಟ್ಟಷ್ಟೂ ಕುಗ್ಗಲಿಲ್ಲ. ಆರು ವರ್ಷದ ಮೊಮ್ಮಗಳು ತನ್ವಿ, "ಐ ವಾಂಟ್ ಅಜ್ಜ ನೆಕ್ಸ್ಟ್ ಟು ಮಿ" ಎಂದು ಹಟ ಹಿಡಿದು ಕೊನೆಯ ಸಾಲಿನಲ್ಲಿ, ದೋಣಿಗೆ ಬೆನ್ನು ಮಾಡಿ ಕೂತಳು. ಮಲ್ಲಪ್ಪ ಅವಳ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿ, ಪಕ್ಕದಲ್ಲಿ ಕೂತ. ತಾನು ಹೇಡಿ ಎಂದು ಅವನಿಗೆ ಆಗಲೇ ಅನ್ನಿಸಿತ್ತು.

ಫ್ರೀವೇ ಹಿಡಿದು ಪೂರ್ವಕ್ಕೆ ಹೊರಟರು. ಆಲ್ಟಮಾಂಟ್ ಗುಡ್ಡದ ಏರು ಹತ್ತುವವರೆಗೆ ಏನೂ ಆಗಲಿಲ್ಲ. ಮುಂದೆ ಹರಟೆ, ನಗು. ನಿವೇದಿತಾ ಎಲ್ಲರಿಗೂ ಚಕ್ಕುಲಿ ಹಂಚಿದಳು. ಮಲ್ಲಪ್ಪ ಮಾತ್ರ ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ದೋಣಿಯನ್ನೇ ನೋಡುತ್ತಿದ್ದ. ಇಳಿಜಾರು ಸಮೀಪಿಸಿದಂತೆ, ನಿಲ್ಲಿಸ್ರಿ ಎಂಬ ಮಾತು ಮೂರು ಸಲ ಗಂಟಲಿಗೆ ಬಂತು, ಮೂರು ಸಲವೂ ನುಂಗಿಕೊಂಡ.

ನೆತ್ತಿ ದಾಟಿ ಇಳಿಯತೊಡಗಿದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಭರ್ರೆಂದು ತಿರುಗುತ್ತಿದ್ದವು. ದೊಡ್ಡ ಲಾರಿಯೊಂದು ಎಡಗಡೆಯಿಂದ ಮುಂದೆ ಹೋಯಿತು. ಅದರ ಗಾಳಿಯ ಸೆಳೆತಕ್ಕೆ ದೋಣಿ ಒಂದು ಗೇಣು ಎಡಕ್ಕೆ ಸರಿಯಿತು. ಬಲಕ್ಕೆ ಎರಡು ಗೇಣು. ಮತ್ತೆ ಎಡಕ್ಕೆ ಒಂದು ಮೊಳ. ಈಗ ಕಾರಿನ ಹಿಂಬದಿಯೂ ಅದರ ಜೊತೆ ತೂಗತೊಡಗಿತು. ಚಕ್ಕುಲಿ ಡಬ್ಬಿ ಉರುಳಿತು, ಯಾರೋ ಕಿರುಚಿದರು.

"ಬ್ರೇಕ್ ತುಳೀಬ್ಯಾಡ!" ಮಲ್ಲಪ್ಪ ಕೊನೆಯ ಸಾಲಿನಿಂದ ಗುಡುಗಿದ. "ಕಾಲ ತಗಿ! ಸ್ಟೇರಿಂಗ್ ನೆಟ್ಟಗ ಹಿಡಿ, ತಿರುವಬ್ಯಾಡಲೇ!"

ಅಜಯ ಕೇಳಿದ. ಹೆದರಿಕೆಗೋ ಏನೋ, ಅಕ್ಷರಶಃ ಹಾಗೇ ಮಾಡಿದ. ದೋಣಿ ಇನ್ನೂ ನಾಲ್ಕು ಸಲ ಬೀಸಿತು, ಒಂದು ಕ್ಯಾನು ರಸ್ತೆಗೆ ಬಿದ್ದು ಒಡೆಯಿತು, ಹಿಂದಿನ ಗಾಡಿಗಳು ಹಾರನ್ನು ಹೊಡೆಯುತ್ತ ಚದುರಿದವು. ಆಮೇಲೆ ವೇಗ ಇಳಿಯಿತು, ಬೀಸಾಟ ಇಳಿಯಿತು, ಕಾರು ರಸ್ತೆಯ ಅಂಚಿಗೆ ಬಂದು ನಿಂತಿತು.

ಎಲ್ಲರೂ ಇಳಿದು ಬೇಲಿಯ ಪಕ್ಕ ನಿಂತರು. ಯಾರಿಗೂ ತರಚು ಗಾಯವೂ ಇಲ್ಲ. ಬಿಳಿಚಿಕೊಂಡಿದ್ದ ಅಜಯ ಬಂದು ಮಾವನ ಎರಡೂ ಕೈ ಹಿಡಿದುಕೊಂಡ.

"ಬ್ರೇಕ್ ಹಾಕಿದ್ರ ಮುಗೀತಿತ್ತು ಮಾವಾರ. ಎಲ್ಲಾರ್ನೂ ಉಳಸಿದ್ರಿ. ನಿಮಗ ಹ್ಯಾಂಗ ಗೊತ್ತಾತ್ರಿ?"

ಅಳಿಯ ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ವಿದ್ಯೆಯ ಬಗ್ಗೆ ಕೇಳಿದ್ದ. ಮುದುಕನಿಗೆ ಸುಖವಾಯಿತು. ಆ ಸುಖದಲ್ಲಿ ಬಾಯಿ ಜಾರಿತು.

"ಮುಂಜಾನೇನ ಗೊತ್ತಾಗಿತ್ರೀ. ಮೂತಿ ಒಂದ ಕೈಲೆ ಎದ್ದಿತ್ತು. ಭಾರ ಎಲ್ಲಾ ಹಿಂದ ಐತಿ."

ಶೀತಲ್ ತಿರುಗಿ ನಿಂತಳು.

"ಮುಂಜಾನೇನ ಗೊತ್ತಿತ್ತಾ?"

ಮಲ್ಲಪ್ಪ ದೋಣಿಯ ಕಡೆ ಮುಖ ತಿರುಗಿಸಿದ.

"ಗೊತ್ತಿದ್ದೂ ನನ್ನ ಮಗಳನ್ನ ಇದರಾಗ ಕುಂದರಿಸಿದೇನಪ್ಪಾ?"

ಉತ್ತರ ಅವನ ಬಳಿ ಇತ್ತು: ಹೇಳಬ್ಯಾಡ ಎಂದು ಕೈ ಮುಗಿದವಳು ಅವಳೇ. ಅದನ್ನು ಅಳಿಯನೆದುರು ಆಡಿದರೆ ಮಗಳ ಸಂಸಾರಕ್ಕೆ ಏನಾಗುತ್ತದೆಂಬುದೂ ಗೊತ್ತಿತ್ತು. ತನ್ವಿ ಇನ್ನೂ ಅಜ್ಜನ ಅಂಗಿಯ ತುದಿ ಹಿಡಿದೇ ನಿಂತಿದ್ದಳು. ಶೀತಲ್ ಬಂದು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎತ್ತಿಕೊಂಡು, ಅಪ್ಪನಿಂದ ದೂರ ಹೋಗಿ ನಿಂತಳು.